ಅತ್ತಿಗೆ ಮುಟ್ಟದ ಕಾರ್ಡು

ಸರ್ಕಾರದ ಆರೋಗ್ಯ ಕಾರ್ಡು ನನ್ನ ತವರಿಗೆ ಬಂದಾಗ ಅದನ್ನು ಓದಿ ಹೇಳಿದವಳು ನಾನೇ. ಆ ಮನೆಗೆ ಯಾವ ಕಾಗದ ಬಂದರೂ ನಾನು ಬರುವವರೆಗೆ ಗೋಡೆಯ ಗೂಡಿನಲ್ಲಿ ಕಾಯುತ್ತದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಗಂಡಸರನ್ನೂ ಸೇರಿಸಿಕೊಂಡು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಬಂದದ್ದಾಗಿದ್ದರೆ ಸಂಕೋಚಪಡುತ್ತಿದ್ದೆನೋ ಏನೋ.

ಹುಣಸೂರಿನ ಕಾಲೇಜಿಗೆ ಹೋಗಲು ನಮ್ಮೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿಯಬೇಕಿತ್ತು. ಅದಕ್ಕೂ ಮುಂಚೆ ಎದ್ದು ಒಲೆ ಹಚ್ಚಿ, ನನ್ನ ಡಬ್ಬಿ ತುಂಬಿ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅತ್ತಿಗೆ, ನನ್ನಣ್ಣನ ಹೆಂಡತಿ. ಹೊಗೆಸೊಪ್ಪಿನ ಕಾಲದಲ್ಲಿ ಮನೆಯ ಹೆಂಗಸರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಆಗ ಅವ್ವ ಗೊಣಗುತ್ತಿದ್ದಳು, ಒಂದು ಆಳು ಬಸ್ಸು ಹತ್ತಿ ಹೋಗುತ್ತದಲ್ಲಾ ಎಂದು. "ಓದ್ಲಿ ಬುಡಿ ಅತ್ತೆ, ಅದ್ರ ಕಡ್ಡಿನೂ ನಾನೇ ಕಟ್ತೀನಿ" ಎನ್ನುತ್ತಿದ್ದಳು ಅತ್ತಿಗೆ. ಕಟ್ಟಿದಳು ಕೂಡ. ನನ್ನ ಓದಿಗೆ ಅವಳ ಬೆರಳುಗಳ ಅಂಟು ಹತ್ತಿದೆ.

ಕಾರ್ಡು ಬಂದ ಆ ಭಾನುವಾರ ಜಗಲಿಯ ಮೇಲೆ ಕೂತು, ನಾನು ಪಾಠ ಮಾಡುವ ಪಿರಿಯಾಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ: "ಇದು ಮನೆಮಂದಿಗೆಲ್ಲಾ ಸೇರಿ ಒಂದೇ. ಯಾರಿಗೆ ದೊಡ್ಡ ಕಾಯಿಲೆ ಬಂದ್ರೂ ಇದರಲ್ಲೇ ಆಗುತ್ತೆ. ಒಂದು ಮಿತಿ ಇದೆ. ಒಬ್ಬರಿಗೆ ಖರ್ಚಾದದ್ದು ಕಳೆದು ಉಳಿದದ್ದು ಮಿಕ್ಕವರಿಗೆ."

ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ಅಂದ್ರೆ ಅಗೇವು ಇದ್ದಂಗೆ ಅನ್ನು."

"ಹ್ಞೂ ಅತ್ತಿಗೆ, ಹಗೇವೇ ಅಂದ್ಕೊ" ಎಂದೆ. ಹೋಲಿಕೆ ನನಗೆ ಹಿಡಿಸಿತು. ಎಷ್ಟು ಚೆನ್ನಾಗಿ ಅರ್ಥ ಮಾಡಿಸಿದೆ ಎಂದು ಒಳಗೇ ಬೀಗಿದೆ. ಆಮೇಲೆ ಬೇರೆ ಮನೆಯವರಿಗೆ ಹೇಳುವಾಗಲೂ ಅದೇ ಮಾತು ಬಳಸಿದೆ.

ಅತ್ತಿಗೆ ಎಚ್.ಡಿ. ಕೋಟೆ ಕಡೆಯವಳು. ಅವಳ ತವರಿನಲ್ಲಿ ಅವಳು ಚಿಕ್ಕವಳಿದ್ದಾಗಲೂ ಹಗೇವು ಇತ್ತು. ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಗುಂಡಿ, ಸುತ್ತ ಹುಲ್ಲು ಒತ್ತಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಮ್ಮೆ ಚಪ್ಪಡಿ ಸರಿಸಿದರೆ ಮುಗಿಯಿತು, ಗಾಳಿ ತೇವ ಒಳಗೆ ಹೋಗುತ್ತದೆ, ಇದ್ದದ್ದನ್ನೆಲ್ಲ ಹೊರಗೆ ತೆಗೆಯಲೇಬೇಕು. ಅದಕ್ಕೇ ಯಾರೂ ಒಬ್ಬರ ಹಸಿವಿಗೆ ಹಗೇವು ತೆಗೆಯುವುದಿಲ್ಲ. ಅವಳ ಅಜ್ಜಿ ತನ್ನ ಬಾಣಂತನಕ್ಕೂ ತೆಗೆಸಲಿಲ್ಲವಂತೆ, ಪಕ್ಕದ ಮನೆಯಿಂದ ಕಡ ತರಿಸಿದಳಂತೆ. ಆ ಕಥೆಯನ್ನು ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೊಗಳಿಕೆಯಾಗಿ ಹೇಳುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹ್ಞೂ ಅಂದಿದ್ದೆ.

ಅತ್ತಿಗೆಗೆ ಏದುಸಿರು ಶುರುವಾದದ್ದು ಅದಾದ ಮೇಲೆ. ಬಾವಿಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ಬಿಂದಿಗೆ ಇಳಿಸಿ ನಿಲ್ಲುತ್ತಿದ್ದಳು. ಅಣ್ಣ ನೇರ ಮೈಸೂರಿಗೆ ಕರೆದುಕೊಂಡು ಹೋಗೋಣ ಎಂದ. ನಾನು ತಡೆದೆ. ತುರ್ತು ಅಲ್ಲದಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು, ಇಲ್ಲಿ ಆಗದ್ದೆಂದು ಅವರು ಚೀಟಿ ಬರೆದುಕೊಟ್ಟರೇ ದೊಡ್ಡಾಸ್ಪತ್ರೆಯಲ್ಲಿ ಕಾರ್ಡು ನಡೆಯುವುದು. ಈ ನಿಯಮ ಊರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಚೀಟಿ ಬರೆಸಿಕೊಂಡೇ ಹೋದೆವು.

ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಹೃದಯದೊಳಗಿನ ಒಂದು ಕವಾಟ ಕಿರಿದಾಗಿದೆ, ಚಿಕ್ಕಂದಿನಲ್ಲಿ ಬಂದ ಜ್ವರದ ಗುರುತು ಅದು ಎಂದರು ಡಾಕ್ಟರು. ಎದೆ ಕೊಯ್ಯುವುದು ಬೇಡ, ತೊಡೆಯ ನಾಳದಿಂದ ತಂತಿ ಕಳಿಸಿ ಬಲೂನು ಉಬ್ಬಿಸಿ ಕವಾಟ ಅಗಲ ಮಾಡಬಹುದು, ಈಗ ಅದಕ್ಕೆ ಸರಿಯಾದ ಸ್ಥಿತಿಯಲ್ಲಿದೆ, ತಡ ಮಾಡಬೇಡಿ ಎಂದರು. ಕಾರ್ಡು ನೋಡುವ ಕೌಂಟರಿನಲ್ಲಿ ರೇಷನ್ ಕಾರ್ಡು, ಆಧಾರ್ ಎಲ್ಲ ತಾಳೆ ನೋಡಿ, "ಇದರಲ್ಲಿ ಬರುತ್ತಮ್ಮ, ಮಂಜೂರಾದ ಮೇಲೆ ಫೋನ್ ಮಾಡ್ತೀವಿ, ಬಂದು ಅಡ್ಮಿಟ್ ಆಗಿ" ಎಂದರು.

ಅತ್ತಿಗೆ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಇದ್ರೊಳ್ಗಿಂದ ಎಷ್ಟು ಓಯ್ತದೆ ಸಾಮಿ?"

"ಜಾಸ್ತಿನೇ ಹೋಗುತ್ತೆ. ನಿಮ್ಮ ಕೈಯಿಂದ ಏನೂ ಇಲ್ವಲ್ಲ, ನಿಮಗ್ಯಾಕೆ?" ಎಂದರು ಅವರು, ನಗುತ್ತಾ.

ಬಸ್ಸಿನಲ್ಲಿ ಅತ್ತಿಗೆ ಕಿಟಕಿಗೆ ತಲೆ ಒರಗಿಸಿದಳು. ಸುಸ್ತಾಗಿರಬೇಕು ಅಂದುಕೊಂಡೆ.

ಫೋನ್ ಬಂತು. ಅವಳು ಹೋಗಲಿಲ್ಲ. ವಿಷಯ ತಿಳಿದು ನಾನು ತವರಿಗೆ ಹೋದಾಗ ಬ್ಯಾರನ್ನಿನ ಮುಂದೆ ಕಡ್ಡಿ ಕಟ್ಟುತ್ತಾ ಕೂತಿದ್ದಳು.

"ಯಾವಾಗ ಅತ್ತಿಗೆ ಅಡ್ಮಿಟ್ ಆಗೋದು? ಡಾಕ್ಟ್ರು ತಡ ಮಾಡ್ಬೇಡಿ ಅಂದಿಲ್ವಾ?"

"ತಡ ಮಾಡ್ಕಂಡು ಬನ್ನಿ ಅಂತ ಯಾವ ಡಾಕುಟ್ರಾದ್ರೂ ಅಂದದ್ದು ಕೇಳಿದ್ದೀಯಾ?"

"ತಮಾಷೆ ಬೇಡ. ಹೆದರಿಕೆನಾ?"

"ಎದ್ರಿಕೆ ಯಾಕವ್ವ. ಒಬ್ಳಿಗೋಸ್ಕರ ಅಗೇವು ತೆಗೀತಾರಾ ಯಾರಾರ? ನಿಮ್ಮವ್ವನ್ನ ನೋಡು, ಗ್ವಾಡೆ ಇಡ್ಕಂಡು ನಡೀತದೆ. ಅದ್ಕೆ ಮೊದ್ಲು ಮಂಡಿ ಮಾಡ್ಸಬೇಕು. ನಾಳೆ ಮಕ್ಳಿಗೇನಾರ ಆಯ್ತದೆ. ಎಲ್ಲಾ ನಾನೇ ತಿಂದ್ಬುಟ್ರೆ?"

ಒಳಗಿನಿಂದ ಅವ್ವನ ದನಿ ಬಂತು. "ನನ್ ಮಂಡಿ ಸುದ್ದಿ ನಿಂಗ್ಯಾಕಮ್ಮಿ? ಓಗಿ ಮೊದ್ಲು ನಿನ್ ಉಸ್ರು ಸರಿ ಮಾಡ್ಸ್ಕೊ."

"ಊ, ನೀವು ಗ್ವಾಡೆ ಕೆಡವೋಗಂಟ ನಾನು ನೋಡ್ತಾ ಕೂತಿರ್ಲಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆದರಿಕೆಯನ್ನು ಹಾಸ್ಯದಲ್ಲಿ ಮುಚ್ಚಿಕೊಳ್ಳುತ್ತಿದ್ದಾಳೆ ಎಂದೇ ನಂಬಿದೆ. ಪಕ್ಕದಲ್ಲಿ ಕೂತು ಧೈರ್ಯ ಹೇಳಿದೆ. ಬಲೂನು ಎಂದರೆ ನೋವಿಲ್ಲ, ಬೇಗ ಮನೆಗೆ ಕಳಿಸುತ್ತಾರೆ, ಎದೆಯ ಮೇಲೆ ಒಂದು ಗೀರೂ ಬೀಳುವುದಿಲ್ಲ. ಕೈಯಲ್ಲೇ ಹೃದಯದ ಚಿತ್ರ ಬರೆದು ತೋರಿಸಿದೆ. ಅವಳು ಹೂಂಗುಟ್ಟುತ್ತಾ ಕಡ್ಡಿ ಕಟ್ಟಿದಳು. ಅವಳಿಗಿಲ್ಲದ ಭಯಕ್ಕೆ ನಾನು ಅಷ್ಟು ಹೊತ್ತು ಮದ್ದು ಅರೆದೆ.

ಸೊಪ್ಪು ಬೇಯುವುದು ಮುಗಿಯಲಿ ಎಂದಳು. ಮುಗಿದ ಮೇಲೆ ಮಾರಾಟ, ಅದಾದ ಮೇಲೆ ಯುಗಾದಿ. ಅವ್ವನ ಮಂಡಿಯೂ ಆಗಲಿಲ್ಲ, ಸೊಸೆ ಹೋಗದೆ ತಾನು ಹೋಗುವುದಿಲ್ಲ ಎಂದು ಅವ್ವನ ಹಠ. ಸೊಸೆಗೆ ಅತ್ತೆಯದ್ದು ಮೊದಲು, ಅತ್ತೆಗೆ ಸೊಸೆಯದ್ದು. ಹೀಗೆ ಎರಡು ವರ್ಷ ಮಾತ್ರೆಯಲ್ಲೇ ಹೋಯಿತು. ಅಣ್ಣ ರೇಗಿದ, ನಾನೂ ರೇಗಿದೆ. ರೇಗಿದೆವು, ಸುಮ್ಮನಾದೆವು.

ಹೋದ ಮಳೆಗಾಲದಲ್ಲಿ ಅತ್ತಿಗೆಯ ಕಾಲುಗಳು ಊದಿದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಈ ಸಲ ಚೀಟಿಗೆ ಕಾಯುವ ಹಾಗಿರಲಿಲ್ಲ, ತುರ್ತಾಗಿಯೇ ಮೈಸೂರಿಗೆ ಒಯ್ದೆವು. ಸ್ಕ್ಯಾನ್ ನೋಡಿದ ಡಾಕ್ಟರು ನನ್ನನ್ನೂ ಅಣ್ಣನನ್ನೂ ಹೊರಗೆ ಕರೆದರು. ಕವಾಟಕ್ಕೆ ಸುಣ್ಣ ಕಟ್ಟಿದಂತಾಗಿದೆ, ಬಲೂನಿಗೆ ಇನ್ನು ಬಗ್ಗುವುದಿಲ್ಲ. ಪುಪ್ಪುಸದ ಒತ್ತಡ ಬಹಳ ಏರಿದೆ. ಎದೆ ತೆರೆದು ಕವಾಟ ಬದಲಿಸಬೇಕು, ಆದರೆ ಈಗ ಆ ಮೇಜಿನಿಂದ ವಾಪಸು ಬರುತ್ತಾರೆಂದು ಹೇಳಲಾರೆವು. ಔಷಧದಲ್ಲೇ ನೋಡೋಣ. ಬೇಗ ಬರಬೇಕಿತ್ತು.

ನಾನು ವಾರ್ಡಿಗೆ ಹೋದೆ. ಅತ್ತಿಗೆಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೂಗಿಗೆ ಗಾಳಿಯ ಕೊಳವೆ. ಡಾಕ್ಟರು ಹೇಳಿದ್ದನ್ನು ಹೇಳದೆ ಹೊದಿಕೆ ಸರಿಮಾಡಿದೆ.

"ಇಲ್ಲೀಗಂಟ ಎಷ್ಟಾಯ್ತಂತೆ ಕಾರ್ಡ್ನಾಗೆ?" ಎಂದಳು.

"ಅತ್ತಿಗೆ, ಈಗಲಾದ್ರೂ ಆ ಚಿಂತೆ ಬಿಡು. ಎಷ್ಟಾದ್ರೂ ಆಗ್ಲಿ, ಬರೋ ವರ್ಷಕ್ಕೆ ಮತ್ತೆ ತುಂಬುತ್ತಲ್ಲ."

"ಏನು ತುಂಬ್ತದೆ?"

"ಕಾರ್ಡಿನ ಮಿತಿ. ಪ್ರತಿ ವರ್ಷ ಹೊಸದಾಗಿ ಬರುತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. "ವರ್ಷಾ ವರ್ಷಾನೂವಾ?"

"ಹ್ಞೂ."

"ಅಂಗಾರೆ ಓದ್ ವರ್ಷದ್ದು? ಅದ್ರಾಚೆ ವರ್ಷದ್ದು?"

"ಅದು ಹೋಯ್ತು ಅತ್ತಿಗೆ. ಬಳಸದಿದ್ರೆ ಉಳಿಯಲ್ಲ."

ಪಕ್ಕದ ಮಂಚದವರ ಕಡೆ ಮುಖ ತಿರುಗಿಸಿದಳು. ಆಮೇಲೆ ಹೇಳಿದಳು: "ಎಲ್ಡು ವರ್ಷದ ರಾಗಿ ಮುಗ್ಗು ಮಾಡ್ಬುಟ್ನಲ್ಲವ್ವ ನಾನು. ಅತ್ತೆ ಮಂಡೀನಾರ ಆಗೋಗಿರದು."

ತನ್ನ ಹೃದಯದ ಮಾತೆತ್ತಲಿಲ್ಲ. ನೀನು ಹೇಳಲಿಲ್ಲವಲ್ಲ ಎಂದೂ ಅನ್ನಲಿಲ್ಲ.

ನಾನು ವರ್ಷದ ಲೆಕ್ಕದಲ್ಲಿ ಬದುಕುವವಳು. ಶಾಲೆಯ ವರ್ಷ ಮುಗಿಯುತ್ತದೆ, ರಜೆಗಳು ಮತ್ತೆ ಮೊದಲಿನಿಂದ ಬರುತ್ತವೆ, ವಿಮೆ ನವೀಕರಣವಾಗುತ್ತದೆ. 'ವರ್ಷಕ್ಕೆ' ಎಂಬುದು ನನಗೆ ಹೇಳಬೇಕಾದ ಮಾತೆಂದೇ ತೋಚಲಿಲ್ಲ. ಕಾರ್ಡಿನ ವಿವರದಲ್ಲಿ ಅದೂ ಇತ್ತು, ಓದುವಾಗ ಕಣ್ಣಿಗೂ ಬಿದ್ದಿತ್ತು. ಬಿತ್ತದೆ, ಕೊಯ್ಯದೆ ತಾನಾಗಿ ತುಂಬಿಕೊಳ್ಳುವ ಹಗೇವು ಒಂದಿರಬಹುದೆಂದು ಅತ್ತಿಗೆ ಹೇಗೆ ಊಹಿಸಿಯಾಳು? ಅವಳ ಲೋಕದಲ್ಲಿ ಉಳಿಸಿದ್ದು ಉಳಿಯುತ್ತದೆ. ಅವಳು ಹಗೇವಿನ ಮಾತು ಆಡಿದ ಎರಡೂ ಸಲ ನಾನು ಎದುರಿಗೇ ಇದ್ದೆ. ಒಂದು ಸಲ ಹೌದೆಂದೆ, ಇನ್ನೊಂದು ಸಲ ನಕ್ಕೆ.

ಅತ್ತಿಗೆ ಮನೆಗೆ ಬಂದಳು. ಅವ್ವನ ಮಂಡಿಯನ್ನು ಹಠ ಹಿಡಿದು ಅದೇ ವರ್ಷ ಮಾಡಿಸಿದಳು, ಇದಾದ್ರೂ ಕೆಡೋದು ಬೇಡ ಎಂದು. ಈಗ ಅವ್ವ ಗೋಡೆ ಹಿಡಿಯದೆ ನಡೆದು ಅವಳಿಗೆ ಮಾತ್ರೆ ನೀರು ತಂದುಕೊಡುತ್ತಾಳೆ. ಅತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಾಳೆ. ಉಪ್ಪಿಲ್ಲದ ಊಟ. ಎರಡು ಮಾತಿಗೊಮ್ಮೆ ನಿಲ್ಲಬೇಕು.

ಹೋದ ಭಾನುವಾರ ಬೀದಿಯ ಒಬ್ಬ ಹೆಂಗಸು ತನ್ನ ಮನೆಯ ಕಾರ್ಡು ತಂದು ನನ್ನ ಕೈಗೆ ಕೊಟ್ಟಳು. ಕೊಡುತ್ತಲೇ ಅತ್ತಿಗೆಗೆ ಅಂದಳು: "ಓದ್ದೋರು ಮನೇಲೇ ಇದ್ದೂ ನಿಂಗೆ ಇಂಗಾಗೋಯ್ತಲ್ಲಮ್ಮಿ."

ಅತ್ತಿಗೆ ಕಂಬ ಬಿಟ್ಟು ನೆಟ್ಟಗೆ ಕೂತಳು. "ನಮ್ಮುಡ್ಗಿ ಎಲ್ಲಾನೂ ಯೋಳಿತ್ತು ಕಣಮ್ಮಿ. ನನ್ ಕಿವಿ ಸರಿ ಇರ್ನಿಲ್ಲ."

ಅಷ್ಟಕ್ಕೇ ಅವಳ ಉಸಿರು ಮೇಲೆ ಹತ್ತಿತು. ಇಲ್ಲ, ನಾನು ಹೇಳಿರಲಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಉಸಿರು ಇಳಿಯುವವರೆಗೆ ಮೂವರೂ ಹಾಗೇ ಕೂತಿದ್ದೆವು.

"ಓದವ್ವ" ಎಂದಳು ಆಮೇಲೆ. "ಅವಳಿಗೆ ವೊತ್ತಾಯ್ತದೆ."

ನಾನು ಓದಿದೆ.