ಆಕಾಶದ ಚೇರ್ಮನ್ನು

ಎಪ್ಪತ್ತರ ದಶಕದ ಕೊನೆ. ಕಿಬ್ಬನಹಳ್ಳಿ ದಾರಿಯಲ್ಲಿದ್ದ ನಮ್ಮೂರಿನ ಕೊಬ್ಬರಿ ಸಾಹುಕಾರರ ಹಿತ್ತಲಲ್ಲಿ ನಾವು ಹೆಂಗಸರು ಒಣಗಿದ ಕಾಯಿಯ ಕರಟ ಬಿಡಿಸುತ್ತಿದ್ದೆವು. ಓದು ಬಲ್ಲವಳು ನಾನೊಬ್ಬಳೇ. ಬುತ್ತಿ ಬಿಚ್ಚುವ ಹೊತ್ತಿಗೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳಬೇಕಿತ್ತು. ನಕ್ಷತ್ರಗಳಾಚೆಯ ಯಾವುದೋ ಗ್ರಹದ ಕಥೆ. ಅದನ್ನು ಆಳುವವನಿಗೆ ಲೇಖಕ ನಾಲಿಗೆ ಹೊರಳದ ಬಿರುದೊಂದನ್ನು ಕೊಟ್ಟಿದ್ದ. ನಮ್ಮವರಿಗೆ ಅವನು ಚೇರ್ಮನ್ನು, ಅಷ್ಟೇ. ಅವನು ಗುಡುಗಿದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದವನು ನಮ್ಮೂರ ಪಂಚಾಯಿತಿ ಚೇರ್ಮನ್ನೇ.

ಆ ವರ್ಷ ನಮ್ಮೂರವನ ಕುರ್ಚಿ ಹೋಯಿತು. ಮೆಂಬರುಗಳೆಲ್ಲ ಒಂದಾಗಿ ಕೈಯೆತ್ತಿ ಇಳಿಸಿದರು. ನಮಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅಧಿಕಾರವಿದ್ದಾಗ ಹೆದರಿ ಸುಮ್ಮನಿದ್ದ ದಾಯಾದಿಗಳು ಅವನ ತೋಟಕ್ಕೆ ಬೇಲಿ ಹಾಕಿಕೊಂಡರು. ಅವನು ಕದವಿಕ್ಕಿಕೊಂಡು ಮಲಗಿಬಿಟ್ಟ. ಒಂದು ಸೋಮವಾರ ಅವನ ಹೆಂಡತಿ ಬಂದು ನಮ್ಮ ಸಾಲಿನ ಕೊನೆಯಲ್ಲಿ ಕೂಲಿಗೆ ಕೂತಳು.

ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದೆವು. ಅವಳು ಕೈ ತೊಳೆದುಕೊಂಡು ಸಾಹುಕಾರರ ಬಾಗಿಲ ಕಡೆ ನೋಡುತ್ತಾ ಕೂತಿದ್ದಳು. ಅವಳ ಮನೆಯಲ್ಲಿ ಆಳುಗಳಿಗೆ ಮನೆಯವರೇ ಊಟ ಹಾಕುತ್ತಿದ್ದರು. ಕೂಲಿಗೆ ಹೋದ ನಮ್ಮನ್ನು ಜಗಲಿಯ ಕೆಳಗೆ ಕೂರಿಸಿ, ಕೈ ತಗಲದಂತೆ ಮೇಲಿನಿಂದ ಮುದ್ದೆ ಹಾಕುತ್ತಿದ್ದವಳು ಇವಳೇ. ಇಲ್ಲಿಗೆ ಬುತ್ತಿ ತರಬೇಕೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ.

ಆ ವಾರದ ಕಂತಿನಲ್ಲೇ ಗ್ರಹದ ಚೇರ್ಮನ್ನು ಬೀಳಬೇಕೆ! ನಾನು ತಡವರಿಸಿದೆ.

"ಓದು ಕಣೇ, ಯಾಕ್ ನಿಲ್ಲುಸ್ದೆ?" ಎಂದಳು ನಮ್ಮಲ್ಲಿ ಹಿರಿಯಳಾದ ಅಜ್ಜಿ. ಅವಳ ಗುಡಿಸಲು ಕೀಳಿಸಿದ್ದವನು ಈ ಹೆಂಗಸಿನ ಗಂಡ.

ಓದಿದೆ. ಸಭೆಯವರು ಅವನ ನಿಲುವಂಗಿ ಬಿಚ್ಚಿಸಿ, ಒಬ್ಬನೇ ಹಿಡಿಸುವಷ್ಟು ಚಿಕ್ಕ ನೌಕೆಯಲ್ಲಿ ಕೂರಿಸಿ, ಕತ್ತಲೆಗೆ ತಳ್ಳಿದರು. ಯಾರೋ ಕಿಸಕ್ಕನೆ ನಕ್ಕರು.

"ಆ ಗಾಡೀಲಿ ಅವ್ರಿಗೆ ಉಣ್ಣಾಕೆ ಏನಾರ ಇಟ್ಟಿದ್ರಾ?" ಸಾಲಿನ ಕೊನೆಯಿಂದ ಅವಳು ಕೇಳಿದಳು.

ಪುಟ ತಿರುವಿ ನೋಡಿದೆ. "ಬರ್ದಿಲ್ಲ ಕಣಕ್ಕ."

ಆಮೇಲೆ ಯಾರೂ ನಗಲಿಲ್ಲ. ನಾನು ಪತ್ರಿಕೆ ಮಡಚಿಟ್ಟೆ. ಅಜ್ಜಿ ಗೊಣಗುತ್ತಲೇ ತನ್ನ ಮುದ್ದೆ ಮುರಿದು, ಅರ್ಧವನ್ನು ಅವಳ ಮುಂದೆ ಹಿಡಿದಳು. "ತಿನ್ನವ್ವ, ಹಸ್ಕೊಂಡು ಕೂತ್ರೆ ಕೈ ಓಡಲ್ಲ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಂದು ತುತ್ತೂ ಬಾಯಿಗಿಡದೆ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ಅವ್ರು ನಿನ್ನೆಯಿಂದ ಉಂಡಿಲ್ಲ. ಓಡೋಗಿ ಕೊಟ್ಬುಟ್ಟು ಬತ್ತೀನಿ. ಯಾರ ಮನೆ ಮುದ್ದೆ ಅಂತ ಮಾತ್ರ ಹೇಳ್ಬ್ಯಾಡ್ರವ್ವ. ಗೊತ್ತಾದ್ರೆ ಉಣ್ಣಲ್ಲ."