ಕನ್ನಡಿಯ ಮೇಲೆ ಇಟ್ಟ ಚುಕ್ಕೆ

ಟ್ಯಾಬ್ಲೆಟ್ಟಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಒಂದು ಗುಂಡಿ ಇದೆ. ನಾನು ಅದರಲ್ಲಿ ಹಳೇ ಸಿನಿಮಾ ಪಾತ್ರಗಳ ಮುಖ ಬರೆಯುತ್ತೇನೆ. ಮೀಸೆ ತಿರುವುವ ಜಮೀನ್ದಾರ, ಎಲ್ಲ ಮುಗಿದ ಮೇಲೆ ಬರುವ ಪೊಲೀಸು, ಹೊಲಿಗೆ ಯಂತ್ರ ತುಳಿಯುವ ತಾಯಿ... ಎಪ್ಪತ್ತು ದಾಟಿದವನ ಕೈಚಳಕ ಇದು ಅಂದರೆ ಹಿರಿಯೂರಿನಲ್ಲಿ ಅರ್ಧ ಜನ ನಂಬುವುದಿಲ್ಲ, ಇನ್ನರ್ಧ ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ಎರಡೂ ನನಗೆ ಖುಷಿಯೇ. ಆ ಗುಂಡಿಯನ್ನು ಮೊದಲ ಸಲ ಒತ್ತಿದಾಗ ನನ್ನ ಜಮೀನ್ದಾರ ಬಲಕ್ಕೆ ನೋಡುತ್ತಿದ್ದವನು ಎಡಕ್ಕೆ ತಿರುಗಿದ. ಅವನ ಒಂದು ಕಣ್ಣು ಕೆಳಗೆ ಜಾರಿದ್ದು ತಟ್ಟನೆ ಕಂಡಿತು. ಅದರ ಹಿಂದೆಯೇ ಬಣ್ಣ ಕಲಸುವ ಟರ್ಪೆಂಟೈನ್ ವಾಸನೆ ಬಂದಂತಾಯಿತು. ಟಾಕೀಸಿನ ಹಿಂದಿನ ಅಂಗಳ, ಬ್ಯಾನರಿಗೆ ಬೆನ್ನು ಹಾಕಿ ನಿಂತ ಪೇಂಟರ್ ಸಾಹೇಬರು... ಪೆನ್ನು ಕೆಳಗಿಟ್ಟುಬಿಟ್ಟೆ.

ನಲವತ್ತು ವರ್ಷದ ಹಿಂದಿನ ಮಾತು, ಆಗ ನಾನು ಹಿರಿಯೂರಿನ ಟಾಕೀಸಿನಲ್ಲಿ ಗೇಟ್‌ಕೀಪರ್. ಟಿಕೆಟ್ ಹರಿಯುವುದು ನನ್ನ ಕೆಲಸ, ಜನರ ಕಾಲೆಳೆಯುವುದು ನನ್ನ ಕಸುಬು. ಐಮಂಗಲದಿಂದ ಬಂದವರಿಗೆ ಇವತ್ತು ಹೀರೋ ಸಾಯುತ್ತಾನೆ ಅಂತ ಹೇಳಿ ಅಳಿಸಿ ಒಳಗೆ ಕಳಿಸಿದ್ದೇನೆ. ಮ್ಯಾನೇಜರನ ಕುರ್ಚಿಗೆ ಗೋಂದು ಬಳಿದಿದ್ದೇನೆ. ಸಿಕ್ಕಿಬಿದ್ದದ್ದು ಮಾತ್ರ ಒಂದು ಸಲವೂ ಇಲ್ಲ.

ಸಾಹೇಬರು ಪ್ರತಿ ವಾರ ಹೊಸ ಸಿನಿಮಾದ ಬ್ಯಾನರಿಗೆ ಆಳೆತ್ತರದ ಮುಖಗಳನ್ನು ಬರೆಯುತ್ತಿದ್ದರು. ಬರೆಯುವಾಗ ಮಾತಿಲ್ಲ. ಕಣ್ಣಿನ ಕೆಳರೆಪ್ಪೆಯ ಅಡಿಗೆ ಒಂದೆಳೆ ಹಸಿರು ಬಣ್ಣ ಎಳೆಯುತ್ತಿದ್ದರು. ಹತ್ತಿರ ನಿಂತರೆ ಪಾಚಿ ಕಟ್ಟಿದ ಹಾಗೆ ಕಾಣುತ್ತಿತ್ತು, ರಸ್ತೆಯಾಚೆ ನಿಂತರೆ ಆ ಮುಖಕ್ಕೆ ಜೀವ ಬರುತ್ತಿತ್ತು. ಮುಖ ಮುಗಿಯಿತು ಅನ್ನಿಸಿದಾಗ ತಗಡಿನ ಪೆಟ್ಟಿಗೆಯಿಂದ ಅಂಗೈಯಗಲದ ಕನ್ನಡಿ ತೆಗೆದು, ಬ್ಯಾನರಿಗೆ ಬೆನ್ನು ಹಾಕಿ, ಭುಜದ ಮೇಲಿಂದ ಅದರಲ್ಲಿ ನೋಡುತ್ತಿದ್ದರು.

"ಲೇ ಗೇಟು, ಎದುರಿಗೆ ನೋಡಿದ್ರೆ ಕಣ್ಣು ನಮ್ ಕಡೀಗೇ ಸಾಕ್ಷಿ ಹೇಳ್ತೈತೆ," ಅಂತ ಒಂದು ದಿನ ಹೇಳಿದರು. "ತಿರುವಿ ನೋಡು, ಸೊಟ್ಟ ಎಲ್ಲ ಹೊರಗೆ ಬೀಳ್ತೈತೆ."

ಒಂದು ಮಧ್ಯಾಹ್ನ ಅವರು ನಮಾಜಿಗೆ ಹೋಗಿದ್ದಾಗ ನಾನು ಆ ಕನ್ನಡಿಯ ನಡುವೆ ಕಪ್ಪು ಬಣ್ಣದ ಒಂದು ಚುಕ್ಕೆ ಇಟ್ಟೆ. ಸಾಸಿವೆ ಕಾಳಿಗಿಂತ ಚಿಕ್ಕದು. ಇಟ್ಟು, ಏನೂ ಅರಿಯದವನಂತೆ ಗೋಡೆಗೊರಗಿ ಬೀಡಿ ಹಚ್ಚಿದೆ.

ಸಾಹೇಬರು ಬಂದರು, ಕನ್ನಡಿ ಹಿಡಿದರು. ಹೀರೋನ ಕೆನ್ನೆಯ ಮೇಲೆ ಮಸುಕಾದ ಮಚ್ಚೆ. ಬಟ್ಟೆ ತೆಗೆದುಕೊಂಡು ಬ್ಯಾನರಿನ ಹತ್ತಿರ ಹೋದರೆ ಮಚ್ಚೆ ಇಲ್ಲ. ಮತ್ತೆ ಕನ್ನಡಿ ಹಿಡಿದರು, ಈಗ ಮಚ್ಚೆ ಮೂಗಿನ ಮೇಲೆ. ಇನ್ನೊಂದು ಸಲ ನೋಡಿದರೆ ಹಣೆಯ ಮೇಲೆ. ನಾನು ನಗು ತಡೆಯಲಾರದೆ ಟವೆಲ್ ಕಚ್ಚಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಎರಡೂ ಕಣ್ಣು ಉಜ್ಜಿಕೊಂಡರು. ಆಮೇಲೆ ಅಲ್ಲೇ ಏಣಿಯ ಕೆಳಗೆ ಕುಂತುಬಿಟ್ಟರು.

"ನಮ್ಮಪ್ಪಂಗೂ ಹಿಂಗೇ ಒಂದ್ ಚುಕ್ಕೆಯಿಂದ ಸುರುವಾತಪ್ಪ," ಅಂದರು. "ಎರಡು ವರ್ಷದಾಗೆ ಪೂರ್ತಿ ಕತ್ತಲಾತು."

ಅವರ ತಂದೆಯೂ ಪೇಂಟರೇ ಆಗಿದ್ದರಂತೆ. ನನಗೆ ಗೊತ್ತಿರಲಿಲ್ಲ... ಗೊತ್ತಿದ್ದರೆ ಇಡುತ್ತಿರಲಿಲ್ಲ ಅಂತ ಹೇಳಿಕೊಳ್ಳುತ್ತೇನೆ. ಸಾಹೇಬ್ರೇ, ಒಂದು ಸಲ ಆ ಕನ್ನಡಿ ಒರೆಸಿ ಅಂದಿದ್ದರೆ ಸಾಕಿತ್ತು. ನಾನು ಬೀಡಿ ಹೊಸಕಿ ಗೇಟಿಗೆ ಹೋಗಿ ನಿಂತೆ. ಅವರು ಹೀರೋನ ಮುಖವನ್ನು ಹಾಗೇ ಬಿಟ್ಟು ಪೆಟ್ಟಿಗೆ ಹಿಡಿದು ಮನೆಗೆ ಹೋದರು.

ಮಾರನೇ ದಿನ ಮ್ಯಾನೇಜರಿಗೆ, ಇನ್ನು ಮುಖ ಬರೆಯಲ್ಲ, ಬರೀ ಅಕ್ಷರ ಬರೀತೀನಿ ಅಂದುಬಿಟ್ಟರು. ಮುಖ ಬರೆಯಲು ಚಿತ್ರದುರ್ಗದಿಂದ ಬೇರೊಬ್ಬ ಬಂದ. ಅವನು ಬರೆದ ಹೀರೋಯಿನ್ ಹೀರೋಗೆ ಸೋದರತ್ತೆಯಂತೆ ಕಾಣುತ್ತಿದ್ದಳು. ಸಾಹೇಬರು ಪಕ್ಕದಲ್ಲಿ ಕುಂತು ಅಕ್ಷರಗಳಿಗೆ ನೆರಳು ಕೊಡುತ್ತಾ ಆಗಾಗ ನನ್ನ ಕಡೆ ನೋಡುತ್ತಿದ್ದರು. ನಾನು ಗೇಟಿನ ಕಡೆ ನೋಡುತ್ತಿದ್ದೆ. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಅವರು ಸಂಸಾರ ಸಮೇತ ಅಣ್ಣನ ಅಂಗಡಿಗೆ ಅಂತ ಹೊಸದುರ್ಗಕ್ಕೆ ಹೊರಟುಹೋದರು.

ಅಲ್ಲಿಂದ ಮುಂದೆ ಹೊಸದುರ್ಗ ಅನ್ನುವ ಊರೇ ನನ್ನ ಪಾಲಿಗೆ ಇಲ್ಲವಾಯಿತು. ಹೊಳಲ್ಕೆರೆಯ ಮದುವೆಗೆ ಎಲ್ಲರಿಗಿಂತ ಮೊದಲು ಹೋಗಿ ಎಲೆಯ ಮುಂದೆ ಕೂರುತ್ತಿದ್ದವನಿಗೆ ಹೊಸದುರ್ಗದ ಮದುವೆ ಅಂದರೆ ಜ್ವರ ಬರುತ್ತಿತ್ತು. ನಿಜವಾದ ಜ್ವರವಲ್ಲ, ನಾನೇ ತರಿಸಿಕೊಳ್ಳುತ್ತಿದ್ದದ್ದು. ಅಲ್ಲಿ ಯಾವುದೋ ಬಾಗಿಲಲ್ಲಿ ಕೋಲು ಹಿಡಿದು ಕುಂತ ಸಾಹೇಬರನ್ನು ಕಂಡುಬಿಟ್ಟರೆ? ಕೈಲಿ ಕುಂಚ ಹಿಡಿದಿದ್ದ ಒಬ್ಬ ಮನುಷ್ಯನಿಗೆ ನೀನು ಕುರುಡನಾಗುತ್ತಿದ್ದೀಯ ಅಂತ ನಂಬಿಸಿ, ಅವನ ಕಲೆಯನ್ನು ಕಿತ್ತುಕೊಂಡವನು ನಾನು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಟ್ಯಾಬ್ಲೆಟ್ ಕೊಂಡ ಮೇಲೆ ನಾನು ಕಲಿತದ್ದೆಲ್ಲ ಅವರನ್ನು ಕದ್ದು ನೋಡಿದ ನೆನಪಿನಿಂದಲೇ. ಹೋದ ತಿಂಗಳು ಚಿತ್ರದುರ್ಗದ ಒಂದು ಚಿತ್ರ ಪ್ರದರ್ಶನದಲ್ಲಿ ನನ್ನ ಹನ್ನೆರಡು ಪಾತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಹೊಗಳಿಕೆ ಕಿವಿಗೆ ಬೀಳುವಷ್ಟು ದೂರದಲ್ಲಿ ನಿಂತಿದ್ದೆ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ತಲೆಯ ಮೇಲೆ ದುಪಟ್ಟಾ, ಜಮೀನ್ದಾರನ ಮುಂದೆ ಬಹಳ ಹೊತ್ತು ನಿಂತು ನನ್ನ ಕಡೆ ತಿರುಗಿದಳು.

"ಕಣ್ಣಿನ ಕೆಳಗೆ ಈ ಹಸಿರು ಯಾರು ಹೇಳ್ಕೊಟ್ರು ನಿಮಗೆ? ಇದು ನಮ್ಮ ಅಬ್ಬಾಂದು."

"ನಿಮ್ಮ ತಂದೆ... ಅವರ ಕಣ್ಣು..." ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಿರಿಯೂರು ಟಾಕೀಸಿನ ಗೇಟು ನೀವೇನ್ರಿ?" ಅಂದವಳೇ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. "ಅಯ್ಯೋ, ಅಬ್ಬಾ ಮನೇಗ್ ಬಂದು ಕನ್ನಡಿ ಒರಸಿದ ಕೂಡ್ಲೇ ಚುಕ್ಕೆ ಬಟ್ಟೆಗೆ ಅಂಟ್ಕಂತು! ನಿಮ್ಮ ಅಂಗಿ ಜೇಬಿಗೂ ಅದೇ ಕಪ್ಪು ಬಣ್ಣ ಹತ್ತಿತ್ತಂತೆ."

"ಮತ್ತೆ ಮುಖ ಬರಿಯಲ್ಲ ಅಂದಿದ್ದು?"

"ಹೊಸದುರ್ಗಕ್ಕೆ ಹೋಗಾದು ಮೊದ್ಲೇ ಗೊತ್ತಾಗಿತ್ತು. ಹೊಸಬ್ರಿಗೆ ಹೆಂಗೂ ಕೆಲಸ ಬಿಟ್ಕೊಡಬೇಕಿತ್ತು. ಆ ಹದಿನೈದು ದಿನ ನಿಮ್ಮನ್ನ ಬೆವರಿಸಿದ್ರು ಅಷ್ಟೇ. ಯಾವತ್ತಾದ್ರೂ ಬಂದು ಒಪ್ಕಂತಾನೆ ಬಿಡು ಅಂತಿದ್ರು. ಆಟೋ ಹಿಂದ್ಗಡೆ, ಅಂಗಡಿ ಬಾಗ್ಲಲ್ಲಿ, ಕೊನೀತನಕ ಮುಖ ಬರದ್ರು. ಸೂಜಿಗೆ ದಾರ ಅವರೇ ಪೋಣಿಸ್ತಿದ್ರು. ಹೋದ ವರ್ಷ ತೀರ್ಕಂಡ್ರು."

ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಂತೆ. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎರಡೂ ಕೈಯಲ್ಲಿ ಎತ್ತಿ ಆಚೆಗಿಟ್ಟ ಹಾಗಾಯಿತು. ಅವರ ಕಣ್ಣು ಸರಿಯಾಗಿತ್ತು, ಅವರ ಕೈ ನಿಂತಿರಲಿಲ್ಲ. ಸುಸ್ತಾಗುವವರೆಗೂ ನಕ್ಕೆ. ಆಮೇಲೆ ಎದ್ದು ನಿಂತು, "ತಪ್ಪಾತು ಕಣಮ್ಮ," ಅಂದೆ.

"ಇದನ್ನ ಕೇಳ್ಬೇಕಾದವ್ರು ನಾನಲ್ಲ," ಅಂದಳು. ಜಮೀನ್ದಾರನ ಕಡೆ ಒಮ್ಮೆ ತಿರುಗಿ ನೋಡಿ, "ಆದ್ರೂ ಅಬ್ಬಾನ ಪರವಾಗಿ ಕೇಳಿಸ್ಕಂಡೆ. ಬಿಡ್ರಿ," ಅಂದಳು.

ಈಗ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ. ಹೋದ ಭಾನುವಾರ ಹೊಸದುರ್ಗದ ಬಸ್ಸನ್ನೂ ಹತ್ತಿದೆ. ಎರಡೇ ತಾಸಿನ ದಾರಿ... ಇಷ್ಟೇ ಇತ್ತಾ ಅನ್ನಿಸಿತು. ಊರಿಗೆಲ್ಲ ಟೋಪಿ ಹಾಕಿದವನು ಅಂತ ಮೆರೆದವನಿಗೆ ನಲವತ್ತು ವರ್ಷ ಟೋಪಿ ಹಾಕಿದ ಒಬ್ಬನೇ ಗಂಡಸು ಅವರು. ಸೋತೆ ಸಾಹೇಬ್ರೇ ಅಂತ ಕೈಮುಗಿಯಲು ಹೋದರೆ, ಗೆದ್ದವರೇ ಇಲ್ಲ.