ಬಿಲ್ಲಿಗೆ ಹತ್ತಿ ಸವರಿದ್ದು

ಮನೆಗೆ ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಜಗ್ಗಿ ನೋಡುವವರ ಪೈಕಿ ನಾನು. ಲಿಂಗಸುಗೂರಿನಲ್ಲಿ ಮಸ್ಕಿಯ ಬಸ್ಸು ಹತ್ತಿ ಕೂತ ಮೇಲೂ ನನ್ನ ಮನಸ್ಸು ಆ ಬೀಗಕ್ಕೇ ಜೋತುಬಿದ್ದಿರುತ್ತದೆ. ಹೆಂಡತಿ ಹುಲಿಗೆಮ್ಮ ಇದನ್ನು ರೋಗ ಅನ್ನುತ್ತಾಳೆ, ನಾನು ಎಚ್ಚರ ಅನ್ನುತ್ತೇನೆ. ಮದುವೆಯಾದಾಗಿನಿಂದ ಈ ವಾದ ಮುಗಿದಿಲ್ಲ. ನನ್ನ ಕಡೆಗೆ ಇರುವ ಸಾಕ್ಷಿ ಒಂದೇ ಒಂದು, ಅದು ನಮ್ಮ ಮಾವನವರ ಬಿಲ್ಲು.

ಮಸ್ಕಿಯ ಮಾವನವರ ಮನೆಯ ಪಡಸಾಲೆಯಲ್ಲಿ ಎರಡು ಗೂಟಗಳ ಮೇಲೆ ಒಂದು ಬಿದಿರಿನ ಬಿಲ್ಲು ಮಲಗಿರುತ್ತಿತ್ತು. ವರ್ಷವಿಡೀ ಮಂದಿ ಅದರ ಮೇಲೆ ಟವೆಲು ಒಣಹಾಕುತ್ತಿದ್ದರು. ದಸರೆ ಬಂದಾಗ ಮಾತ್ರ ಅದು ದೇವರಾಗುತ್ತಿತ್ತು. ಖಂಡೇಪೂಜೆಯ ದಿನ ಗೂಟದಿಂದ ಇಳಿದು, ಎಣ್ಣೆ ಹಚ್ಚಿಸಿಕೊಂಡು, ಪುಂಡಿನಾರಿನ ಹೆದೆ ಏರಿಸಿಕೊಂಡು, ಕುಡುಗೋಲು ಕೊಡಲಿಗಳ ನಡುವೆ ಕುಂಕುಮ ಇಟ್ಟುಕೊಂಡು ಕೂರುತ್ತಿತ್ತು. ಮರುದಿನ ಸಂಜೆ ಬನ್ನಿಗಿಡದ ಹತ್ತಿರ ನೆಟ್ಟ ಬಾಳೆಕಂಬಕ್ಕೆ ಮಾವನವರು ಅದರಿಂದ ಒಂದು ಬಾಣ ಬಿಡಬೇಕು. ಆಮೇಲೆಯೇ ಓಣಿಯವರು ಬನ್ನಿ ಎಲೆಗೆ ಕೈ ಹಾಕುವುದು.

ಮಾವನವರ ಎಡಗಣ್ಣು ಹರೆಯದಲ್ಲಿಯೇ ಜೋಳದ ಕೂಳೆ ಚುಚ್ಚಿ ಹೋಗಿತ್ತು. "ಎರಡು ಕಣ್ಣಿದ್ದವರೂ ಒಂದು ಮುಚ್ಚಿಕೊಂಡ ಗುರಿ ಹಿಡೀತಾರ. ನನಗ ಆ ತ್ರಾಸ ಇಲ್ಲ" ಎಂದು ನಗುತ್ತಿದ್ದರು. ಉಳಿದ ಕಣ್ಣಿಗೂ ವಯಸ್ಸಾಗಿತ್ತು. ದೂರದ ಬಾಳೆಕಂಬ ಕಾಣುತ್ತಿತ್ತು, ಕೈಯಲ್ಲಿದ್ದ ಬಿಲ್ಲಿನ ಗೆರೆ ಕಾಣುತ್ತಿರಲಿಲ್ಲ. ಹಾಗಾಗಿ ಹಬ್ಬಕ್ಕೆ ಬಿಲ್ಲು ನೋಡಿಕೊಡುವ ಕೆಲಸವನ್ನು ಹಿರಿಯ ಅಳಿಯನಾದ ನನಗೆ ಕಲಿಸಿ ಒಪ್ಪಿಸಿದ್ದರು. ಹೆದರುವವನಿಗೆ ಹೆದರುವ ಕೆಲಸವನ್ನೇ ಕೊಟ್ಟಿದ್ದರು, ನಾನೂ ಮನಸ್ಸಿಟ್ಟು ಮಾಡುತ್ತಿದ್ದೆ.

ಕಿರಿಯ ಅಳಿಯ ಹನುಮೇಶ, ಅಂದರೆ ನನ್ನ ಷಡ್ಡಕ, ಜವಳಗೇರಾದವನು. ಕಾಲುವೆ ನೀರಿನ ಭತ್ತದ ಗದ್ದೆ, ಒಂದು ಟ್ರ್ಯಾಕ್ಟರು, ಒಳ್ಳೆಯ ಮನಸ್ಸು ಎಲ್ಲವೂ ಇದ್ದವು. ಆದರೆ ಅವನ ಜೀವ ಇದ್ದದ್ದು ಬಯಲಾಟದಲ್ಲಿ. ವೀರನ ಪಾತ್ರಕ್ಕೆ ಸಿಂಧನೂರಿನಿಂದಲೂ ಅವನಿಗೆ ಕರೆ ಬರುತ್ತಿತ್ತು. ಆ ವರ್ಷ ಪೂಜೆ ಮುಗಿದ ಮಧ್ಯಾಹ್ನ ಮಾವನವರು ಹೊರಗೆ ಹೋಗಿದ್ದಾಗ ಅವನು ಬಿಲ್ಲು ಎತ್ತಿಕೊಂಡ, ಎದೆ ಉಬ್ಬಿಸಿ ನಿಂತ, ಹೆದೆಯನ್ನು ಕಿವಿಯವರೆಗೆ ಎಳೆದ, ಬಿಟ್ಟುಬಿಟ್ಟ. ಹೆದೆಯಲ್ಲಿ ಬಾಣ ಇರಲಿಲ್ಲ. ಪಡಸಾಲೆ ತುಂಬ ಟಣ್ ಎಂದಿತು, ಕುಂಕುಮ ಸಿಡಿದು ಅವನ ಬಿಳಿ ಅಂಗಿಯ ಮೇಲೆ ಬಿತ್ತು.

ಅವನ ತಪ್ಪೂ ಅಲ್ಲ. ರಂಗದ ಮೇಲೆ ಬರುವ ವೀರ ಮೊದಲು ಹೆದೆ ಮಿಡಿದು ಠೇಂಕಾರ ಮಾಡಿಯೇ ತನ್ನ ಹೆಸರು ಹೇಳುವುದು. ಆದರೆ ಅಲ್ಲಿಯದು ಬೇಗಡೆ ಕಾಗದ ಸುತ್ತಿದ ಕೋಲು, ಠೇಂಕಾರ ಮದ್ದಳೆಯವನದು. ಪುರಾಣಗಳಲ್ಲೂ ಠೇಂಕಾರದಿಂದ ದಿಕ್ಕಿನ ಆನೆಗಳು ನಡುಗಿದ ಸುದ್ದಿಯುಂಟು, ಶತ್ರುಗಳ ಎದೆ ಒಡೆದ ಸುದ್ದಿಯುಂಟು. ಬಿಲ್ಲಿಗೆ ಏನಾಯಿತೆಂದು ಯಾರೂ ಕೇಳಿದ ಹಾಗಿಲ್ಲ. ಬಾಣ ಇದ್ದರೆ ಎಳೆದ ಬಲವೆಲ್ಲ ಅದರ ಜೊತೆ ಹೋಗುತ್ತದೆ. ಇಲ್ಲದಿದ್ದರೆ ತಿರುಗಿ ಬಿಲ್ಲಿನ ಮೈಗೇ ಬಡಿಯುತ್ತದೆ. ಸ್ವಯಂವರದ ಸಭೆಯಲ್ಲಿ ಮುರಿಯಿತೆನ್ನುವ ಆ ದೊಡ್ಡ ಬಿಲ್ಲನ್ನು ಅದಕ್ಕೂ ಮೊದಲು ಯಾರ್ಯಾರು ಸುಮ್ಮಸುಮ್ಮನೆ ಎಳೆದು ಬಿಟ್ಟಿದ್ದರೋ. ನಾನು ಅಲ್ಲಿದ್ದಿದ್ದರೆ ಮೊದಲು ಸವರಿ ನೋಡಲು ಒಂದು ಹಿಡಿ ಹತ್ತಿ ಕೇಳುತ್ತಿದ್ದೆ.

ಈ ಪಾಂಡಿತ್ಯ ಈಗಿನದು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ. ಒಳಗೆಲ್ಲೋ ಸೀಳಿದ ಬಿಲ್ಲು ನೋಡಲಿಕ್ಕೆ ನೆಟ್ಟಗೇ ಇರುತ್ತದೆ. ಪೂರ್ತಿ ಎಳೆದಾಗ ಮುರಿಯುತ್ತದೆ, ಮುರಿದ ತುಂಡು ಎಳೆದವನ ಮುಖಕ್ಕೇ ಹಾರುತ್ತದೆ. ನಾಳೆ ಎಳೆಯುವವರ ಮುಖದಲ್ಲಿ ಉಳಿದಿರುವುದು ಒಂದೇ ಕಣ್ಣು.

ಹೆದೆ ಇಳಿಸಿ ಅಂಗಳದ ಬಿಸಿಲಿಗೆ ತಂದೆ. ಮೊದಲು ಹೆದೆಯ ಕುಣಿಕೆಗಳನ್ನು ಬಿಡಿಸಿ ನೋಡಿದೆ, ನಾರು ಹರಿದಿರಲಿಲ್ಲ. ತುದಿಯಲ್ಲಿ ಹೆದೆ ಕೂರುವ ಕಚ್ಚುಗಳನ್ನು ಉಗುರಿನಿಂದ ತಡವಿದೆ, ಸರಿಯಾಗಿದ್ದವು. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದೆ, ತಿರುಚಿರಲಿಲ್ಲ. ಕೊನೆಗೆ ದೇವರ ಬತ್ತಿಯ ಹತ್ತಿ ತಂದು ಬಿದಿರಿನ ಮೈಗೆ ಹಗುರಾಗಿ ಸವರಿದೆ. ಕಣ್ಣಿಗೆ ಕಾಣದ ಸಿಬಿರಿಗೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಬಿಲ್ಲಿನ ಕೆಳಗಿನ ತೋಳಿನಲ್ಲಿ, ಗಿಣ್ಣಿನ ಹತ್ತಿರ, ಒಂದು ಎಳೆ ನಿಂತಿತು.

"ಅದು ಹಳೇದು, ಅಣ್ಣಾರ" ಎಂದ ಹನುಮೇಶ.

ಹೋದ ವರ್ಷ ಅಲ್ಲಿ ಹತ್ತಿ ನಿಂತಿತ್ತೇ? ನೆನಪಾಗಲಿಲ್ಲ. ಬಿದಿರಿಗೆ ಹುಟ್ಟಿನಿಂದಲೇ ಮೈತುಂಬ ಗೆರೆ. ಅದರಲ್ಲಿ ಯಾವುದು ನಿನ್ನೆಯದು, ಯಾವುದು ಇವತ್ತಿನದು? ಇನ್ನೊಮ್ಮೆ ಸವರಿದೆ, ನಿಲ್ಲಲಿಲ್ಲ. ಮತ್ತೊಮ್ಮೆ ಸವರಿದೆ, ನಿಂತಿತು. ಬೀಗವಾದರೆ ಜಗ್ಗಿ ನೋಡಬಹುದು. ಇದನ್ನು ಜಗ್ಗಿದರೆ ಇದ್ದ ಸೀಳು ದೊಡ್ಡದಾಗುತ್ತದೆ.

"ಮಾವಗ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ದೀಪಾವಳಿಗೆ ಕರಿಯೂದಿಲ್ಲ ಮತ್ತ" ಎಂದ. ಹೇಳಿದರೆ ಅವನ ಮಾನ, ಹೇಳದಿದ್ದರೆ ಅವರ ಕಣ್ಣು. ಇದರಲ್ಲಿ ಯೋಚಿಸುವುದೇನಿದೆ ಎಂದು ನೀವು ಕೇಳಬಹುದು. ಆದರೆ ಸೀಳೇ ಇಲ್ಲದಿದ್ದರೆ? ಸುಮ್ಮನೆ ಹಬ್ಬ ಕೆಡಿಸಿದ ಪುಕ್ಕಲ ಅನ್ನಿಸಿಕೊಳ್ಳುವವನು ನಾನು. ಆ ರಾತ್ರಿ ಹೋಳಿಗೆಯ ತಟ್ಟೆ ಮುಂದಿಟ್ಟುಕೊಂಡು ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಹೇಳಿ ಬಿಡ್ರಿ. ಹೊಟ್ಟ್ಯಾಗ ಇಟ್ಟುಕೊಂಡ ಯಾಕ ಸಾಯಾಕತ್ತೀರಿ" ಎಂದಳು ಹುಲಿಗೆಮ್ಮ, ನನ್ನ ಹೋಳಿಗೆಯನ್ನೂ ತಾನೇ ತಿನ್ನುತ್ತ.

ಬೆಳಿಗ್ಗೆ ಹೇಳಿದೆ. ಮಾವನವರು ಹನುಮೇಶನ ಕಡೆಗೆ ನೋಡಲೂ ಇಲ್ಲ. "ಬಗ್ಗಿಸಿ ನೋಡೋಣಂತ" ಎಂದು ಬಿಲ್ಲಿಗೆ ಕಿವಿಯಿಡಲು ಬಾಗಿದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಅವರ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿ, "ನೀವು ದೂರ ನಿಂದರ್ರಿ" ಎಂದು ಗದರಿದೆ. ಮಾವನವರಿಗೆ ಏರುದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಬಿಲ್ಲಿಗೆ ಕಂಬಳಿ ಸುತ್ತಿ, ಒಂದು ತುದಿಯನ್ನು ಹೊಸ್ತಿಲಿಗೆ ಊರಿ, ಸಾವಕಾಶ ಒತ್ತಿದೆ. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದೆ. ಕಂಬಳಿಯೊಳಗೆ ಚಿಟ್ ಎಂದಿತು, ಒಲೆಯಲ್ಲಿ ಕಡ್ಡಿ ಸಿಡಿದಷ್ಟು.

"ಸಾಕು ಬಿಡ್ರಿ" ಎಂದರು ಮಾವನವರು. ಕಣ್ಣು ಮಂಜಾದರೂ ಅವರ ಕಿವಿ ಚುರುಕಾಗಿತ್ತು. ಅಲ್ಲೇ ಕೂತು, ಕೈಚಾಚಿ ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸವರಿದರು. ನನಗೆ ಅಳು ಬಂತು. ಗೆದ್ದಿದ್ದೆ, ಆದರೂ ಬಂತು.

ಸಂಜೆ ಹೆದೆಯಿಲ್ಲದ ಬಿಲ್ಲನ್ನು ಬನ್ನಿಗಿಡದ ಬುಡಕ್ಕೆ ಒರಗಿಸಿದರು. ಮಂದಿ ಮುಖ ಮುಖ ನೋಡಿಕೊಂಡರು. ಮಾವನವರು ಬಾಣವನ್ನು ಕೈಯಲ್ಲೇ ಹಿಡಿದು, ಹೊಲದಲ್ಲಿ ಹಕ್ಕಿಗೆ ಕಲ್ಲು ಬೀಸಿದ ಹಾಗೆ ಬೀಸಿದರು. ಅದು ಬಾಳೆಕಂಬಕ್ಕೆ ಅಡ್ಡಡ್ಡ ಬಡಿದು ಕೆಳಗೆ ಬಿತ್ತು. "ಮುಟ್ಟಿತಿಲ್ಲೋ, ಬನ್ನಿ ತಗೋರಿ" ಎಂದರು. ಮೊದಲ ಎಲೆಯನ್ನು ಹನುಮೇಶನ ಕೈಗಿಟ್ಟು, "ಬಂಗಾರದಂಗ ಇರಪಾ. ಹೊಸ ಬಿಲ್ಲಿಗೆ ಬಿದಿರು ನೀನ ತರಬೇಕು. ನಿನ್ನ ಆಟದ ಕೋಲು ತಂದೀ ಮತ್ತ" ಎಂದರು. ಅವನು ಅತ್ತೂ ಅತ್ತೂ ನಕ್ಕ.

ಅಂದಿನಿಂದ ನನ್ನ ಎಚ್ಚರಕ್ಕೆ ಮನೆಯಲ್ಲಿ ಮರ್ಯಾದೆ ಬರಬೇಕಿತ್ತು. ಬಂದದ್ದು ಹತ್ತಿ. ಕೆಲವು ವರ್ಷಗಳ ಮೇಲೆ ಒಂದು ದಿನ ಸಿಂಧನೂರಿನ ಕಾಲೇಜಿನಿಂದ ಮಗಳು ಬರುವ ಬಸ್ಸು ತಡವಾಯಿತು. ನಾನು ಬಾಗಿಲಿಗೂ ರಸ್ತೆಗೂ ತಿರುಗುತ್ತಿದ್ದೆ. ಬಸ್ಸು ಕಾಲುವೆಗೆ ಉರುಳಿತು, ಟೈರು ಸಿಡಿಯಿತು, ಮಗಳು ಬೇರೆ ಬಸ್ಸು ಹತ್ತಿದಳು, ಎಲ್ಲವೂ ನನ್ನ ತಲೆಯೊಳಗೆ ಆಗಿ ಮುಗಿದವು. ಕಡೆಗೆ ಅವಳು ಚೀಲ ಹಿಡಿದುಕೊಂಡು ಬಂದು, ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದಿತ್ತೆಂದು ಹೇಳಿ ಒಳಗೆ ಹೋದಳು.

ಬತ್ತಿ ಹೊಸೆಯುತ್ತಿದ್ದ ಹುಲಿಗೆಮ್ಮ ಎದ್ದು ಬಂದು, ಒಂದು ಚೂರು ಹತ್ತಿಯನ್ನು ನನ್ನ ಹಣೆಯ ಮೇಲೆ ಹಗುರಾಗಿ ಸವರತೊಡಗಿದಳು.

"ಏನ ಮಾಡಾಕತ್ತಿ?" ಎಂದೆ.

"ಆಗಿಂದ ಬಾಣಿಲ್ಲದ ಎಳದು ಎಳದು ಬಿಟ್ಟೀರಿ. ಎಲ್ಲ್ಯಾರ ಸೀಳೈತೇನು ನೋಡತೀನಿ."

ಹುಬ್ಬುಗಳ ನಡುವೆ ಹತ್ತಿ ಸಿಕ್ಕಿಕೊಂಡಿತು.

"ಅದು ಹಳೇದು" ಎಂದೆ.